ಗೆದ್ದ ಕುದುರೆಯ ಬಾಲ ಹಿಡಿದು ಓಟ ಅಳೆಯಬಹುದೇ?

ಏಪ್ರಿಲ್ 5ರ ಶನಿವಾರ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರದ ಏಂಟ್ರೀ ರೇಸ್‌ಕೋರ್ಸ್‌ನಲ್ಲಿ 2025ರ ಗ್ರ್ಯಾಂಡ್ ನ್ಯಾಷನಲ್ ಓಟ ಮುಗಿಯಿತು. ಗೆದ್ದದ್ದು ನಿಕ್ ರಾಕೆಟ್ ಅನ್ನೋ ಎಂಟು ವರ್ಷದ ಕುದುರೆ. ಸವಾರ ಪ್ಯಾಟ್ರಿಕ್ ಮಲ್ಲಿನ್ಸ್ ವೃತ್ತಿಪರ ಜಾಕಿ ಅಲ್ಲ, ಹವ್ಯಾಸಿ. ಕುದುರೆಗೆ ತರಬೇತಿ ಕೊಟ್ಟವರು ಅವರ ತಂದೆ ವಿಲ್ಲಿ ಮಲ್ಲಿನ್ಸ್. ರೇಸಿಂಗ್ ಲೋಕದಲ್ಲಿ ಎಲ್ಲವನ್ನೂ ಗೆದ್ದು ಮುಗಿಸಿರುವ ಆ ಹಿರಿಯ ಟ್ರೇನರ್, ಮಗ ಗೆದ್ದಾಗ ಕ್ಯಾಮೆರಾ ಮುಂದೆ ಮಾತೇ ಹೊರಡದೆ ಅತ್ತುಬಿಟ್ಟರು. ಆ ವಿಡಿಯೋ ಜಗತ್ತೆಲ್ಲ ಓಡಾಡಿತು.

ಅದೇ ಹೊತ್ತಿಗೆ ಅದೇ ಮೈದಾನದಲ್ಲಿ, ಕೊನೆಯ ಬೇಲಿ ದಾಟಿದ ಮೇಲಿನ ಹುಲ್ಲುಹಾದಿಯಲ್ಲಿ, ಸೆಲೆಬ್ರ್ ಡಾಲನ್ ಅನ್ನೋ 13 ವರ್ಷದ ಕುದುರೆ ಕುಸಿದು ಬಿದ್ದಿತ್ತು. ಪಶುವೈದ್ಯರು ಅಲ್ಲೇ ಚಿಕಿತ್ಸೆ ಕೊಟ್ಟರು. ಕುದುರೆ ಎದ್ದಿತು, ಚೇತರಿಸಿಕೊಳ್ಳುತ್ತಿದೆ ಅಂತ ಸುದ್ದಿಯೂ ಬಂತು. ಆದರೆ ಮಂಗಳವಾರ ಅದು ಸತ್ತುಹೋಯಿತು. ಅಷ್ಟರಲ್ಲಿ ರೇಸ್‌ನ ಸ್ಟೀವರ್ಡ್‌ಗಳು ಅದರ ಜಾಕಿಯನ್ನು 10 ದಿನ ಅಮಾನತು ಮಾಡಿ ಆಗಿತ್ತು. ಕುದುರೆಯಲ್ಲಿ ಇನ್ನೇನೂ ಉಳಿದಿಲ್ಲ ಅಂತ ಕಾಣುತ್ತಿದ್ದರೂ, ಕೊನೆಯಿಂದ ಎರಡನೇ ಬೇಲಿಯ ನಂತರ ಅದು ಹಿಂದೆ ಬೀಳುತ್ತಿದ್ದರೂ ಓಡಿಸಿದರು ಅನ್ನೋದು ಆರೋಪ.

ಒಂದೇ ಓಟದಿಂದ ಒಬ್ಬ ಹೀರೋ ಸಿಕ್ಕಿದರು, ಒಬ್ಬ ತಪ್ಪಿತಸ್ಥ ಸಿಕ್ಕಿದರು. ಎರಡು ತೀರ್ಪೂ ಸಂಜೆಯೊಳಗೆ ಬಂದಾಯಿತು. ಪತ್ರಿಕೆಗಳು ಕುದುರೆಗೆ, ಜಾಕಿಗೆ ಅಂಕ ಕೊಟ್ಟವು. ಪ್ರಶ್ನೆ ಇಷ್ಟೇ: ಈ ಅಂಕಗಳನ್ನು ಕೊಟ್ಟದ್ದು ಯಾವ ಆಧಾರದ ಮೇಲೆ? ನಮ್ಮಲ್ಲಿ 'ಗೆದ್ದೆತ್ತಿನ ಬಾಲ ಹಿಡಿಯೋದು' ಅಂತಾರೆ. ಫಲಿತಾಂಶ ಮೊದಲು ನೋಡಿ, ಆಮೇಲೆ ಅದಕ್ಕೆ ಹೊಂದುವ ಕಾರಣ ಹುಡುಕೋದು. ಕುದುರೆ ರೇಸ್‌ನಲ್ಲೂ ಆಗುತ್ತಿರೋದು ಬಹುಪಾಲು ಅದೇ.

ಮೊದಲು ಈ ಓಟ ಏನು ಅಂತ ನೋಡೋಣ

ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ನಡೆಯೋದು ಫ್ಲ್ಯಾಟ್ ರೇಸ್. ಸಮತಟ್ಟಾದ ಹಾದಿ, ಮಧ್ಯೆ ಅಡ್ಡಿ ಇಲ್ಲ, ಒಂದೆರಡು ನಿಮಿಷದಲ್ಲಿ ಆಟ ಮುಗೀತು. ಜಂಪ್ ರೇಸ್ ಅದಕ್ಕಿಂತ ಪೂರ್ತಿ ಬೇರೆ ಪ್ರಾಣಿ. ಗ್ರ್ಯಾಂಡ್ ನ್ಯಾಷನಲ್‌ನ ದೂರ ಸುಮಾರು 6.9 ಕಿಲೋಮೀಟರ್. ದಾರಿಯಲ್ಲಿ 30 ಬೇಲಿಗಳನ್ನು ಹಾರಬೇಕು. ಮುಗಿಯೋಕೆ ಒಂಬತ್ತು ನಿಮಿಷದ ಆಜುಬಾಜು ಬೇಕು. ಕೊನೆಯ ಬೇಲಿ ಹಾರಿದ ಮೇಲೂ ಗುರಿ ಸುಮಾರು 450 ಮೀಟರ್ ದೂರದಲ್ಲಿರುತ್ತದೆ. ಅರ್ಧ ಟನ್ ತೂಕದ ಪ್ರಾಣಿ ಬೆನ್ನ ಮೇಲೆ 70 ಕಿಲೋ ಹೊತ್ತು ಇಷ್ಟನ್ನೂ ಮಾಡಬೇಕು.

ಈ ಸಲ ಹೊರಟದ್ದು 34 ಕುದುರೆ, ಮುಗಿಸಿದ್ದು 16. ಅಂದ್ರೆ ಅರ್ಧಕ್ಕಿಂತ ಹೆಚ್ಚು ಕುದುರೆಗಳು ಬಿದ್ದವು, ಸವಾರನನ್ನು ಕಳಕೊಂಡವು ಅಥವಾ ಜಾಕಿಯೇ ಲಗಾಮು ಎಳೆದು ನಿಲ್ಲಿಸಿದರು. ಇದು ಅವಘಡದ ವರ್ಷವೇನಲ್ಲ, ಈ ಓಟಕ್ಕೆ ಇದು ಮಾಮೂಲಿ. ಇಷ್ಟು ಗದ್ದಲ ಇರುವ ಡೇಟಾದಿಂದ 'ಯಾರು ಚೆನ್ನಾಗಿ ಓಡಿದರು' ಅಂತ ಹೇಳೋದು ಸುಲಭ ಅಲ್ಲ. ಆದರೂ ಹೇಳ್ತೀವಿ, ಆತ್ಮವಿಶ್ವಾಸದಿಂದ ಹೇಳ್ತೀವಿ.

ಗೆದ್ದದ್ದು ಅತ್ಯುತ್ತಮ ಕುದುರೆಯೇ?

ಗ್ರ್ಯಾಂಡ್ ನ್ಯಾಷನಲ್ ಹ್ಯಾಂಡಿಕ್ಯಾಪ್ ಓಟ. ಹೆಚ್ಚು ಸಾಮರ್ಥ್ಯದ ಕುದುರೆಗೆ ಹೆಚ್ಚು ತೂಕ, ಕಡಿಮೆಯದಕ್ಕೆ ಕಡಿಮೆ. ಹಿಂದಿನ ಓಟಗಳನ್ನು ನೋಡಿ ಅಧಿಕಾರಿಯೊಬ್ಬರು ಪ್ರತಿ ಕುದುರೆಗೂ ರೇಟಿಂಗ್ ಕೊಡುತ್ತಾರೆ, ಆ ರೇಟಿಂಗ್‌ಗೆ ತಕ್ಕಂತೆ ತೂಕ ಹೊರಿಸುತ್ತಾರೆ. ಲೆಕ್ಕ ಪಕ್ಕಾ ಆಗಿದ್ದರೆ ಎಲ್ಲ ಕುದುರೆಗಳೂ ಒಟ್ಟಿಗೆ ಗುರಿ ಮುಟ್ಟಬೇಕು! ಹಾಗಾಗಿ ಇಂಥ ಓಟದಲ್ಲಿ ಯಾರು ಮೊದಲು ಬಂದರು ಅನ್ನೋದಕ್ಕಿಂತ ಎಷ್ಟು ಹೊತ್ತು ಬಂದರು ಅನ್ನೋದೇ ಕುದುರೆಯ ನಿಜವಾದ ಅಳತೆ.

ಈ ಸಲ ನಿಕ್ ರಾಕೆಟ್ ಹೊತ್ತದ್ದು 162 ಪೌಂಡ್, ಸುಮಾರು 73.5 ಕಿಲೋ. ಎರಡನೇ ಸ್ಥಾನಕ್ಕೆ ಬಂದ ಐ ಆಮ್ ಮ್ಯಾಕ್ಸಿಮಸ್ ಹೊತ್ತದ್ದು 166 ಪೌಂಡ್, ಇಡೀ ಓಟದಲ್ಲೇ ಅತಿ ಹೆಚ್ಚು. ಇಬ್ಬರ ಮಧ್ಯೆ ಗೆಲುವಿನ ಅಂತರ ಎರಡೂವರೆ ಲೆಂಗ್ತ್, ಅಂದ್ರೆ ಎರಡೂವರೆ ಕುದುರೆಯುದ್ದ. ದೂರದ ಓಟಗಳಲ್ಲಿ ರೇಸಿಂಗ್ ಮಂದಿ ಬಳಸುವ ಒಂದು ಅಂದಾಜು ಲೆಕ್ಕ ಇದೆ: ಒಂದು ಪೌಂಡ್ ತೂಕಕ್ಕೆ ಸರಿಸುಮಾರು ಒಂದು ಲೆಂಗ್ತ್. ಆ ಲೆಕ್ಕದಲ್ಲಿ ನಾಲ್ಕು ಪೌಂಡ್ ಹೆಚ್ಚು ಹೊತ್ತ ಐ ಆಮ್ ಮ್ಯಾಕ್ಸಿಮಸ್ ನಾಲ್ಕು ಲೆಂಗ್ತ್ ಹಿಂದೆ ಬಂದಿದ್ದರೆ ಎರಡೂ ಸಮ. ಅದು ಬಂದದ್ದು ಎರಡೂವರೆ ಹಿಂದೆ. ಅಂದ್ರೆ ಕಾಗದದ ಮೇಲೆ ಅವತ್ತಿನ ದೊಡ್ಡ ಪ್ರದರ್ಶನ ಸೋತ ಕುದುರೆಯದ್ದು. 2024ರಲ್ಲಿ ಇದೇ ಓಟವನ್ನು ಏಳೂವರೆ ಲೆಂಗ್ತ್‌ನಿಂದ ಗೆದ್ದಿದ್ದೂ ಇದೇ ಕುದುರೆ. ಆ ಗೆಲುವಿನ ಬೆಲೆಯಾಗಿಯೇ ಈ ಸಲದ ತೂಕ ಬಂದದ್ದು.

ಇದು ನಿಕ್ ರಾಕೆಟ್‌ನ ಗೆಲುವನ್ನು ಸಣ್ಣದು ಮಾಡೋ ಮಾತಲ್ಲ. ಜನವರಿಯಲ್ಲಿ ಗೌರನ್ ಪಾರ್ಕ್‌ನ ಥಯೆಸ್ಟಿಸ್ ಚೇಸ್, ಫೆಬ್ರವರಿಯಲ್ಲಿ ಫೇರಿಹೌಸ್‌ನ ಬಾಬಿಜೋ ಚೇಸ್, ಎರಡನ್ನೂ ಗೆದ್ದು ಬಂದ ಕುದುರೆ ಅದು. ಹಾಗಿದ್ದೂ ಬಾಜಿಯ ದರ ಒಂದಕ್ಕೆ 33 ಇತ್ತು. ಒಂದೂವರೆ ಲೆಂಗ್ತ್‌ನ ವ್ಯತ್ಯಾಸ ಇಂಥ ಓಟದಲ್ಲಿ ಒಂದು ಬೇಲಿಯ ಹತ್ತಿರ ಒಂದು ತಪ್ಪು ಹೆಜ್ಜೆ ಇಟ್ಟರೆ ಹೋಗುವಷ್ಟು. ನಾನು ಹೇಳೋದು ಇಷ್ಟೇ: ಟ್ರೋಫಿ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಪ್ರದರ್ಶನದ ಅಳತೆ ಇನ್ನೊಂದು ಪ್ರಶ್ನೆ. ನಾವು ಎರಡಕ್ಕೂ ಒಂದೇ ಉತ್ತರ ಬರೆದು ಎದ್ದುಬಿಡ್ತೀವಿ.

ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ 1973ರ ನ್ಯಾಷನಲ್. ಕ್ರಿಸ್ಪ್ ಅನ್ನೋ ಆಸ್ಟ್ರೇಲಿಯಾದ ಕುದುರೆ 168 ಪೌಂಡ್ ಹೊತ್ತು ಇಡೀ ಓಟದ ಬಹುಪಾಲು ಎಲ್ಲರಿಗಿಂತ ಬಹಳ ಮುಂದೆ ಓಡಿತು. ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಅದನ್ನು ಹಿಡಿದದ್ದು ರೆಡ್ ರಮ್, ಹೊತ್ತಿದ್ದು 145 ಪೌಂಡ್. ತೂಕದ ಅಂತರ 23 ಪೌಂಡ್, ಸೋಲಿನ ಅಂತರ ಮುಕ್ಕಾಲು ಲೆಂಗ್ತ್! ರೆಡ್ ರಮ್ ಮುಂದೆ 1974 ಮತ್ತು 1977ರಲ್ಲೂ ಗೆದ್ದು ದಂತಕಥೆಯಾಯಿತು. ಆದರೆ ಆ ಒಂದು ದಿನದ ಮಟ್ಟಿಗೆ ಕ್ರಿಸ್ಪ್‌ನ ಓಟವನ್ನೇ ನ್ಯಾಷನಲ್ ಚರಿತ್ರೆಯ ಮಹಾ ಪ್ರದರ್ಶನಗಳಲ್ಲೊಂದು ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದರ ಜಾಕಿ ರಿಚರ್ಡ್ ಪಿಟ್‌ಮನ್, ಕೊನೆಯ ಹಾದಿಯಲ್ಲಿ ತಾನು ಚಾಟಿ ಎತ್ತಿದ್ದೇ ತಪ್ಪಾಯಿತು, ಅದರಿಂದ ದಣಿದ ಕುದುರೆ ಹಾದಿ ಬಿಟ್ಟು ವಾಲಿತು ಅಂತ ದಶಕಗಳ ಕಾಲ ತಮ್ಮನ್ನೇ ದೂಷಿಸಿಕೊಂಡರು. ಅದೇ ಚಾಟಿಗೆ ಕ್ರಿಸ್ಪ್ ಮುಕ್ಕಾಲು ಲೆಂಗ್ತ್ ಮುಂದೆ ಹೋಗಿದ್ದರೆ? ಅದನ್ನೇ 'ಸರಿಯಾದ ಸಮಯದ ನಿರ್ಧಾರ' ಅಂತ ಬರೆಯುತ್ತಿದ್ದರು.

ಜಾಕಿಯ ಪಾಲು ಎಷ್ಟು?

ಇಂಜಿನಿಯರಿಂಗ್ ಓದಿದವರಿಗೆ ಈ ಸಮಸ್ಯೆ ಪರಿಚಿತ. ಎರಡು ಭಾಗ ಸೇರಿ ಒಂದು ಔಟ್‌ಪುಟ್ ಬರುತ್ತದೆ, ಅಳೆಯೋಕೆ ಸಿಗೋದು ಔಟ್‌ಪುಟ್ ಮಾತ್ರ. ಯಾವ ಭಾಗದ ಕೊಡುಗೆ ಎಷ್ಟು ಅಂತ ಬಿಡಿಸಬೇಕಾದರೆ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಾಯಿಸಿ ನೋಡಬೇಕು. ಅದೇ ಕುದುರೆ, ಅದೇ ದಿನ, ಬೇರೆ ಜಾಕಿ. ಆದರೆ ನ್ಯಾಷನಲ್ ವರ್ಷಕ್ಕೆ ಒಂದೇ ಸಲ.

ನಮ್ಮ ಕಂಬಳದ ಓದುಗರಿಗೆ ಇದು ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಅದನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಹೋಗಲ್ಲ ಅಂದವರು ಗೌಡರೇ. ಮುಂದೆ ಓಡುತ್ತಿದ್ದ ಕೋಣಗಳ ಪಾಲನ್ನು ಲೆಕ್ಕದಿಂದ ಬಿಟ್ಟದ್ದು ಊರಿನವರಲ್ಲ, ದೂರ ಕೂತು ಟ್ವೀಟ್ ಮಾಡಿದವರು. ಏಂಟ್ರೀಯಲ್ಲಿ ನಡೆಯೋದು ಅದರ ಉಲ್ಟಾ ಮತ್ತು ಸುಲ್ಟಾ ಎರಡೂ: ಗೆದ್ದರೆ ಕುದುರೆಯ 'ಧೈರ್ಯ', ಸೋತರೆ ಜಾಕಿಯ 'ತಪ್ಪು'.

ಹಾಗಂತ ಜಾಕಿಯ ಕೆಲಸ ಅಳೆಯೋಕೇ ಆಗಲ್ಲ ಅಂತಲ್ಲ. ಸ್ಥಾನಕ್ಕಿಂತ ನಿರ್ಧಾರಗಳನ್ನು ನೋಡಬೇಕು. ಮೊದಲ ಸುತ್ತಿನಲ್ಲಿ ಕುದುರೆಯ ಶಕ್ತಿ ಉಳಿಸಿದರೇ? ಬೇಲಿಗೆ ಬರುವಾಗ ಮುಂದಿರುವ ಕುದುರೆ ಬಿದ್ದರೆ ತಪ್ಪಿಸಿಕೊಳ್ಳಲು ಜಾಗ ಇಟ್ಟುಕೊಂಡಿದ್ದರೇ? ಹಾರುವ ಮುನ್ನ ಕುದುರೆಯ ಹೆಜ್ಜೆ ಸರಿಹೊಂದಿಸಿದರೇ, ಇಲ್ಲ ಅದರ ಪಾಡಿಗೆ ಬಿಟ್ಟರೇ? ಕೆನಾಲ್ ಟರ್ನ್‌ನಂಥ ಕಡೆ, ಬೇಲಿ ಹಾರಿದ ಕೂಡಲೇ ಎಡಕ್ಕೆ ತೀವ್ರವಾಗಿ ತಿರುಗಬೇಕಾದಲ್ಲಿ, ಎಷ್ಟು ನೆಲ ಉಳಿಸಿದರು? ಇವನ್ನೆಲ್ಲ ವಿಡಿಯೋದಲ್ಲಿ ನೋಡಬಹುದು, ಗುರಿಗೆರೆ ಯಾರು ಮೊದಲು ದಾಟಿದರು ಅಂತ ಗೊತ್ತಿಲ್ಲದೆಯೂ ನೋಡಬಹುದು.

ಈ ಕಣ್ಣಿನಿಂದ ನೋಡಿದರೆ ಪ್ಯಾಟ್ರಿಕ್ ಮಲ್ಲಿನ್ಸ್ ಸವಾರಿ ನಿಜಕ್ಕೂ ಒಳ್ಳೆಯದೇ. ಅವರು ಆರಡಿ ದಾಟಿದ ಎತ್ತರದ ಮನುಷ್ಯ, ಕಡಿಮೆ ತೂಕದ ಕುದುರೆಗಳ ಮೇಲೆ ಕೂರಲಾರರು. 162 ಪೌಂಡ್ ಅವರ ಮೈಕಟ್ಟಿಗೆ ಒಗ್ಗುವ ತೂಕ. 'ಹವ್ಯಾಸಿ' ಅನ್ನೋ ಪದ ಕೇಳಿ ವಾರಾಂತ್ಯಕ್ಕೆ ಕುದುರೆ ಏರುವವರು ಅಂದುಕೊಳ್ಳಬೇಡಿ. ಐರ್ಲೆಂಡಿನಲ್ಲಿ ಹವ್ಯಾಸಿ ಜಾಕಿಗಳ ಚಾಂಪಿಯನ್ ಪಟ್ಟ ಅನೇಕ ಸಲ ಗೆದ್ದವರು, ಅತಿ ದೊಡ್ಡ ಲಾಯದೊಳಗೇ ಬೆಳೆದವರು. 2022ರಲ್ಲಿ ನೋಬಲ್ ಯೇಟ್ಸ್ ಮೇಲೆ ಗೆದ್ದ ಸ್ಯಾಮ್ ವೇಲಿ-ಕೋಹೆನ್ ಕೂಡ ಹವ್ಯಾಸಿಯೇ. 'ಸಾಮಾನ್ಯನೊಬ್ಬ ದೊಡ್ಡವರನ್ನು ಸೋಲಿಸಿದ' ಅನ್ನೋ ಕತೆ ಚಂದ, ಆದರೆ ಇಲ್ಲಿ ಅದು ನಡೆದಿಲ್ಲ. ಮೊದಲ ಮೂರು ಸ್ಥಾನ ಮಲ್ಲಿನ್ಸ್ ಲಾಯಕ್ಕೇ ಹೋದವು. ಐದು ಮತ್ತು ಏಳನೆಯದೂ ಅವರದ್ದೇ. 10 ಲಕ್ಷ ಪೌಂಡ್‌ಗಳ ಬಹುಮಾನದಲ್ಲಿ ಗೆದ್ದವರ ಪಾಲೇ 5 ಲಕ್ಷ. ಕಣ್ಣೀರು ನಿಜ, ಏಕಸ್ವಾಮ್ಯವೂ ನಿಜ.

ಇನ್ನೊಬ್ಬ ಜಾಕಿಯ ಕತೆ ನೋಡಿ. ಮಲ್ಲಿನ್ಸ್ ಲಾಯದ ಮೊದಲ ಜಾಕಿ ಪಾಲ್ ಟೌನೆಂಡ್. ಅವರು ಏರಿದ್ದು ಐ ಆಮ್ ಮ್ಯಾಕ್ಸಿಮಸ್. 'ತಪ್ಪು ಕುದುರೆ ಹತ್ತಿದರು' ಅಂತ ಯಾರಾದರೂ ಅಂದರೆ ನಂಬಬೇಡಿ. ಹಿಂದಿನ ವರ್ಷ ಗೆದ್ದ, ಓಟದಲ್ಲೇ ಅತಿ ಹೆಚ್ಚು ರೇಟಿಂಗ್ ಇರುವ ಕುದುರೆ ಅದು. ಮತ್ತೆ ನೂರು ಸಲ ಕೇಳಿದರೂ ಅದೇ ಸರಿಯಾದ ಉತ್ತರ. 2021ರ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್‌ನಲ್ಲೂ ಹೀಗೇ ಆಯಿತು. ರೇಚಲ್ ಬ್ಲ್ಯಾಕ್‌ಮೋರ್ ಏರಿದ ಎ ಪ್ಲು ತಾರ್ ಎರಡನೆಯದಾಗಿ ಬಂತು, ಅದೇ ಲಾಯದ ಮಿನೆಲ್ಲಾ ಇಂಡೋ ಗೆದ್ದಿತು. ಮರುವರ್ಷ ಅದೇ ಎ ಪ್ಲು ತಾರ್ ಮೇಲೆ ಅವರು ಗೋಲ್ಡ್ ಕಪ್ ಗೆದ್ದರು. ಮಧ್ಯದಲ್ಲಿ, 2021ರ ಏಪ್ರಿಲ್‌ನಲ್ಲಿ, ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಮಹಿಳೆಯೂ ಆದರು. ನಿರ್ಧಾರ ಸರಿ ಇದ್ದೂ ಫಲಿತಾಂಶ ಕೈಕೊಡಬಹುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಾವು ಕಲಿಯೋದು ಏನೂ ಇಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ

ಫಲಿತಾಂಶ ನೋಡಿ ಹೊಗಳೋದರಿಂದ ಆಗುವ ನಷ್ಟ ಕಡಿಮೆ. ಫಲಿತಾಂಶ ನೋಡಿ ದೂಷಿಸೋದರಿಂದ ಆಗುವ ನಷ್ಟ ದೊಡ್ಡದು.

ಸೆಲೆಬ್ರ್ ಡಾಲನ್‌ನ ಬಾಜಿಯ ದರ ಒಂದಕ್ಕೆ 125. ಅಂದ್ರೆ ಅದರ ಮೇಲೆ ಯಾರಿಗೂ ಭರವಸೆ ಇರಲಿಲ್ಲ. 13 ವರ್ಷದ ಕುದುರೆಯೊಂದು ನ್ಯಾಷನಲ್ ಗೆದ್ದು ನೂರು ವರ್ಷ ದಾಟಿದೆ, ಕೊನೆಯದು 1923ರ ಸರ್ಜೆಂಟ್ ಮರ್ಫಿ. ಅಂಥ ಕುದುರೆ ಕೊನೆಯ ಕೆಲವು ಬೇಲಿಗಳ ತನಕ ಮುಂಚೂಣಿಯಲ್ಲೇ ಇತ್ತು. ಆಮೇಲೆ ಒಮ್ಮೆಲೇ ಕುಗ್ಗಿತು. ಮುಂಚೂಣಿಯಲ್ಲಿದ್ದ ಕುದುರೆ ಬಳಲಿದ್ದನ್ನು 'ಸ್ವಲ್ಪ ದಣಿವು' ಅಂತ ಓದಬೇಕೋ, 'ಇನ್ನು ಸಾಕು' ಅಂತ ಓದಬೇಕೋ ಅನ್ನೋದನ್ನು ಜಾಕಿ ಬೇಲಿಗಳ ನಡುವೆ, ಕೆಲವೇ ಸೆಕೆಂಡುಗಳಲ್ಲಿ, ತಾನೂ ದಣಿದಿರುವಾಗ ನಿರ್ಧರಿಸಬೇಕು.

ನಿಯಮದ ಉದ್ದೇಶ ಸರಿಯೇ. ದಣಿದ ಪ್ರಾಣಿಯನ್ನು ಓಡಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಬೆನ್ನ ಮೇಲೆ ಕೂತು ಅದರ ಉಸಿರನ್ನು ಕಾಲಲ್ಲೇ ಅರಿಯುವ ಒಬ್ಬನೇ ಮನುಷ್ಯ ಜಾಕಿ. ಆದ್ದರಿಂದ ಅವರ ಹೊಣೆ ಶೂನ್ಯ ಅಂತ ನಾನು ವಾದಿಸಲ್ಲ. ಆ ಜಾಕಿಯ ಹೆಸರು ಈ ಲೇಖನಕ್ಕೆ ಬೇಕಾಗಿಲ್ಲ, ಯಾಕಂದ್ರೆ ಅವರ ಜಾಗದಲ್ಲಿ ಬೇರೆ ಯಾರಿದ್ದರೂ ನನ್ನ ಪ್ರಶ್ನೆ ಇದೇ ಇರುತ್ತಿತ್ತು.

ಪ್ರಶ್ನೆ ಏನಂದ್ರೆ, ಅವತ್ತು ಬಳಲಿದ ಕುದುರೆಯನ್ನು ಗುರಿ ಮುಟ್ಟಿಸಿದ ಜಾಕಿಗಳು ಇರಲಿಲ್ಲವೇ? ಪ್ರತಿ ನ್ಯಾಷನಲ್‌ನಲ್ಲೂ ಕೊನೆಯ ಸ್ಥಾನಗಳಲ್ಲಿ ಹೆಜ್ಜೆ ಎಳೆಯುತ್ತ ಬರುವ ಕುದುರೆಗಳಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ನ್ಯಾಷನಲ್ ಮುಗಿಸಿದೆ ಅನ್ನೋದೇ ಮಾಲೀಕರಿಗೆ ಜೀವಮಾನದ ಹೆಮ್ಮೆ. ಕುದುರೆ ನಿಂತೇ ಇದ್ದರೆ ಅದು 'ಛಲ', ಬಿದ್ದರೆ ಅದು 'ಅಪರಾಧ'. ಒಂದೇ ನಿರ್ಧಾರಕ್ಕೆ ಎರಡು ಹೆಸರು. ನಿಯಮ ಪ್ರಾಮಾಣಿಕವಾಗಿರಬೇಕಾದರೆ ಬಿದ್ದ ಕುದುರೆಯ ಜಾಕಿಯ ಜೊತೆಗೆ, ಬೀಳದೆ ಉಳಿದ ದಣಿದ ಕುದುರೆಗಳ ಸವಾರಿಯನ್ನೂ ಅದೇ ಕಣ್ಣಿನಿಂದ ಪರಿಶೀಲಿಸಬೇಕು.

ಅವತ್ತೇ ಬ್ರಾಡ್‌ವೇ ಬಾಯ್ ಅನ್ನೋ ಇನ್ನೊಂದು ಕುದುರೆ 25ನೇ ಬೇಲಿಯಲ್ಲಿ, ಮುಂದೆ ಓಡುತ್ತಿರುವಾಗಲೇ ಭೀಕರವಾಗಿ ಬಿದ್ದಿತು. ಅದು ಬದುಕಿತು. ಮುಂದಿರುವ ಕುದುರೆ ಬಿದ್ದರೆ ಅದು 'ದುರದೃಷ್ಟ', ಹಿಂದೆ ಬಿದ್ದ ಕುದುರೆ ಕುಸಿದರೆ 'ನಿರ್ಲಕ್ಷ್ಯ'. ಬಹುಶಃ ಎರಡೂ ತೀರ್ಪು ಸರಿಯೇ ಇರಬಹುದು. ಆದರೆ ತೀರ್ಪು ಕೊಟ್ಟ ರೀತಿಯಲ್ಲಿ ಅಳತೆಗೋಲು ಕಾಣಿಸಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ಕುದುರೆ ಅವತ್ತು ಆ ಮೈದಾನದಲ್ಲಿ ಇರಬೇಕು ಅಂತ ತೀರ್ಮಾನಿಸಿದ್ದು ಜಾಕಿ ಅಲ್ಲ. ಹೆಸರು ನೋಂದಾಯಿಸಿದ್ದು ಟ್ರೇನರ್, ಒಪ್ಪಿಗೆ ಕೊಟ್ಟದ್ದು ಮಾಲೀಕರು. ಅರ್ಹತೆಯ ಗೆರೆ ಎಳೆದದ್ದು ಬಿಎಚ್‌ಎ ಅಂತ ಕರೆಯೋ ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಮತ್ತು ಏಂಟ್ರೀಯ ಆಡಳಿತ. 6.9 ಕಿಲೋಮೀಟರ್, 30 ಬೇಲಿ, 34 ಕುದುರೆ ಅಂತ ಗೊತ್ತು ಮಾಡಿದ್ದೂ ಅವರೇ. ಓಟದ ಮೇಲೆ ಬಾಜಿ ಕಟ್ಟಿಸಿಕೊಂಡು ದುಡಿದದ್ದು ಬುಕ್ಕಿ ಕಂಪನಿಗಳು. ಈ ಸರಪಳಿಯಲ್ಲಿ ಶಿಕ್ಷೆ ಸಿಕ್ಕಿದ್ದು ಕೊನೆಯ ಕೊಂಡಿಗೆ ಮಾತ್ರ: ಪ್ರತಿ ಸವಾರಿಗೆ ಇಷ್ಟು ಅಂತ ಶುಲ್ಕ ಪಡೆದು, ಬಿದ್ದರೆ ತನ್ನ ಮೂಳೆಯನ್ನೇ ಮುರಿದುಕೊಳ್ಳುವ ಕೆಲಸಗಾರನಿಗೆ.

ಇದು ನಮಗೆ ಚೆನ್ನಾಗಿ ಗೊತ್ತಿರುವ ಕತೆ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದಲ್ಲಿ ಕಾಂಚನ್‌ಜುಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ರೈಲು ಗುದ್ದಿದಾಗ, ರೈಲ್ವೆ ಮಂಡಳಿ ಅವತ್ತೇ ಬೊಟ್ಟು ಮಾಡಿದ್ದು ಸತ್ತುಹೋಗಿದ್ದ ಲೋಕೋ ಪೈಲಟ್ ಕಡೆಗೆ. ಮುಂದಿನ ತಿಂಗಳು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿದ್ದೇ ಬೇರೆ: ಸಿಗ್ನಲ್ ಕೆಟ್ಟಾಗ ಕೊಡಬೇಕಾದ ಅನುಮತಿ ಪತ್ರವೇ ಸರಿ ಇರಲಿಲ್ಲ, ಆ ಪರಿಸ್ಥಿತಿ ನಿಭಾಯಿಸಲು ಸಿಬ್ಬಂದಿಗೆ ಸರಿಯಾದ ತರಬೇತಿ ಇರಲಿಲ್ಲ. 'ಮಾನವ ದೋಷ' ಅನ್ನೋದು ಎಷ್ಟೋ ಸಲ ತನಿಖೆ ನಿಲ್ಲಿಸೋಕೆ ಬಳಸುವ ಪದ. ಕೊನೆಯಲ್ಲಿ ಗುಂಡಿ ಒತ್ತಿದವನು ಸಿಕ್ಕಿದ ಮೇಲೆ ಗುಂಡಿ ಇಟ್ಟವರನ್ನು ಯಾರೂ ಕೇಳಲ್ಲ.

ಶಿಕ್ಷೆಯನ್ನು ಹೇಗೆ ಹಂಚಬಹುದು ಅಂತ ರೇಸಿಂಗ್‌ಗೆ ಗೊತ್ತಿಲ್ಲ ಅಂತೇನಿಲ್ಲ. ಚಾಟಿಯ ನಿಯಮ ನೋಡಿ. ಬ್ರಿಟನ್ನಿನಲ್ಲಿ 2023ರಿಂದ ಜಂಪ್ ರೇಸ್‌ನಲ್ಲಿ ಜಾಕಿ ಏಳಕ್ಕಿಂತ ಹೆಚ್ಚು ಸಲ ಚಾಟಿ ಬಳಸುವಂತಿಲ್ಲ. ಮಿತಿಗಿಂತ ನಾಲ್ಕು ಹೆಚ್ಚಾದರೆ ಕುದುರೆಯೇ ಅನರ್ಹ. ಅಂದ್ರೆ ಮಾಲೀಕರಿಗೆ ಬಹುಮಾನ ಇಲ್ಲ, ಟ್ರೇನರ್‌ಗೆ ಗೆಲುವಿಲ್ಲ. ಜಾಕಿ ಅತಿಯಾಗಿ ಹೊಡೆಯದಂತೆ ನೋಡಿಕೊಳ್ಳೋದು ಈಗ ಎಲ್ಲರ ಸ್ವಾರ್ಥವೂ ಹೌದು. ಆದರೆ ಬಳಲಿದ ಕುದುರೆಯನ್ನು ನಿಲ್ಲಿಸುವ ವಿಷಯಕ್ಕೆ ಬಂದರೆ ಹಾಗಿಲ್ಲ. ಮುಂದುವರಿಸಿ ಸ್ಥಾನ ಸಿಕ್ಕರೆ ಲಾಭ ಎಲ್ಲರಿಗೂ, ಕುದುರೆ ಬಿದ್ದರೆ ನಷ್ಟ ಕುದುರೆಗೂ ಜಾಕಿಗೂ.

ವಿನ್ಯಾಸ ಬದಲಿಸಿದರೆ ಏನಾಗುತ್ತದೆ?

ಸುಧಾರಣೆ ಆಗಿಲ್ಲ ಅನ್ನೋದೂ ಸುಳ್ಳು. 2011 ಮತ್ತು 2012ರಲ್ಲಿ ತಲಾ ಎರಡು ಕುದುರೆ ಸತ್ತ ಮೇಲೆ ಬೇಲಿಗಳೊಳಗಿನ ಗಟ್ಟಿ ಮರದ ಚೌಕಟ್ಟು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2023ರಲ್ಲಿ ಹಿಲ್ ಸಿಕ್ಸ್‌ಟೀನ್ ಮೊದಲ ಬೇಲಿಯಲ್ಲೇ ಬಿದ್ದು ಸತ್ತಿತು. ಆ ದಿನ ಪ್ರಾಣಿಹಕ್ಕುಗಳ ಹೋರಾಟಗಾರರು ಟ್ರ್ಯಾಕ್‌ಗೆ ನುಗ್ಗಿ ಓಟ ತಡವಾಗಿತ್ತು, ನೂರಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ಅದಾದ ಮೇಲೆ 2024ಕ್ಕೆ ಇನ್ನಷ್ಟು ಬದಲಾವಣೆ: ಕುದುರೆಗಳ ಸಂಖ್ಯೆ 40ರಿಂದ 34ಕ್ಕೆ, ಮೊದಲ ಬೇಲಿಗೆ ವೇಗ ಹೆಚ್ಚದಂತೆ ಅದನ್ನು 60 ಗಜ ಹತ್ತಿರಕ್ಕೆ, ಕನಿಷ್ಠ ರೇಟಿಂಗ್ 125ರಿಂದ 130ಕ್ಕೆ. ಆ ವರ್ಷ ಓಡಿದ 32 ಕುದುರೆಗಳೂ ಜೀವಂತ ಮರಳಿದವು. ಒಂದೂ ಬೀಳಲಿಲ್ಲ. ಕೆಲವು ಸವಾರರನ್ನು ಕಳಕೊಂಡವು, ಅಷ್ಟೇ.

'ನೋಡಿ, ಸಮಸ್ಯೆ ಬಗೆಹರಿಯಿತು' ಅಂದರು. ಮರುವರ್ಷ ಅದೇ ನಿಯಮಗಳಡಿ ಸೆಲೆಬ್ರ್ ಡಾಲನ್ ಸತ್ತಿತು. 'ನೋಡಿ, ಏನೂ ಬದಲಾಗಿಲ್ಲ' ಅಂತ ಈಗ ಇನ್ನೊಂದು ಕಡೆಯವರು ಅನ್ನುತ್ತಿದ್ದಾರೆ. ಇಬ್ಬರೂ ಒಂದೊಂದು ವರ್ಷದ ಫಲಿತಾಂಶದ ಬಾಲ ಹಿಡಿದವರೇ.

ಸ್ವಲ್ಪ ದೂರದಿಂದ ನೋಡೋಣ. 2013ರಿಂದ 2018ರವರೆಗೆ ಆರು ನ್ಯಾಷನಲ್, ಆ ಓಟದಲ್ಲಿ ಸತ್ತ ಕುದುರೆ ಸೊನ್ನೆ. 2019ರಿಂದ 2025ರವರೆಗೆ, ಕೋವಿಡ್‌ನ 2020 ಬಿಟ್ಟು, ಮತ್ತೆ ಆರು ನ್ಯಾಷನಲ್. ಸತ್ತವು ಆರು: 2019ರಲ್ಲಿ ಒಂದು, 2021ರಲ್ಲಿ ಒಂದು, 2022ರಲ್ಲಿ ಎರಡು, 2023ರಲ್ಲಿ ಒಂದು, ಈಗ ಒಂದು. ಒಟ್ಟು ಸುಮಾರು 460 ಕುದುರೆಗಳು ಹೊರಟಿವೆ, ಆರು ಸತ್ತಿವೆ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲ ಸಾವೂ ಒಂದೇ ಅರ್ಧದಲ್ಲಿ ಬಂದದ್ದು ಕಾಕತಾಳೀಯವೇ? ನಾಣ್ಯವನ್ನು ಆರು ಸಲ ಚಿಮ್ಮಿ ಆರೂ ಸಲ ಒಂದೇ ಮುಖ ಬೀಳುವ ಸಾಧ್ಯತೆ 32ಕ್ಕೆ ಒಂದು. ಅಪರೂಪ, ಆದರೆ ಅಸಾಧ್ಯವಲ್ಲ. ಅಂದ್ರೆ ಮೊದಲ ಆರು ವರ್ಷದ ಸೊನ್ನೆಯನ್ನು ಸುರಕ್ಷತೆಯ ಪುರಾವೆ ಅಂತ ತೋರಿಸಿದ್ದೂ ಆತುರ, ಈಗಿನ ಆರನ್ನು ಒಬ್ಬೊಬ್ಬರ ತಪ್ಪು ಅಂತ ಬಿಡಿಬಿಡಿಯಾಗಿ ಮುಚ್ಚಿಹಾಕೋದೂ ಅನ್ಯಾಯ. ಇದು ಈ ಓಟಕ್ಕೆ ಅಂಟಿಕೊಂಡ ಅಪಾಯದ ದರ. ಅದನ್ನು ಇಳಿಸಬಹುದು, ಸೊನ್ನೆ ಮಾಡೋಕೆ ಆಗಲ್ಲ.

ಹಾಗಾದರೆ ಮಾಡಬೇಕಾದ್ದು ಏನು?

ನನ್ನ ಪ್ರಕಾರ ಮೂರು ಕೆಲಸ.

ಒಂದು, ನಿಲ್ಲಿಸುವ ತೀರ್ಮಾನವನ್ನು ಜಾಕಿಯ ಹೆಗಲಿಂದ ಸ್ವಲ್ಪವಾದರೂ ಇಳಿಸಬೇಕು. ಬಾಕ್ಸಿಂಗ್‌ನಲ್ಲಿ ಹೊಡೆತ ತಿಂದವನನ್ನೇ 'ಮುಂದುವರಿಸ್ತೀಯಾ' ಅಂತ ಕೇಳಿ ಬಿಡಲ್ಲ, ರೆಫರಿ ನಿಲ್ಲಿಸುತ್ತಾನೆ. ಕ್ರಿಕೆಟ್‌ನಲ್ಲಿ ತಲೆಗೆ ಚೆಂಡು ಬಿದ್ದರೆ 2019ರಿಂದ ಬದಲಿ ಆಟಗಾರ ಬರಬಹುದು, ಅದನ್ನು ಹೇಳೋದು ವೈದ್ಯರು. ಪಂದ್ಯದ ಬಿಸಿಯಲ್ಲಿರುವವರು ಇಂಥ ತೀರ್ಮಾನಕ್ಕೆ ಸರಿಯಾದವರಲ್ಲ ಅನ್ನೋದು ಬೇರೆ ಕ್ರೀಡೆಗಳು ಆಗಲೇ ಒಪ್ಪಿಕೊಂಡ ಮಾತು. ಕೊನೆಯ ಕೆಲವು ಬೇಲಿಗಳ ಹತ್ತಿರ ಪಶುವೈದ್ಯರು ನಿಂತು, ಬಳಲಿದ ಕುದುರೆಗೆ ಬಾವುಟ ತೋರಿಸಿ ಹೊರಗೆ ಕರೆಯೋಕೆ ಏನು ಅಡ್ಡಿ?

ಎರಡು, ಹೊಣೆ ಮೇಲಕ್ಕೂ ಹೋಗಬೇಕು. ನಿಲ್ಲಿಸಬೇಕಿದ್ದ ಕುದುರೆಯನ್ನು ಓಡಿಸಿದ್ದು ಸಾಬೀತಾದರೆ, ಚಾಟಿಯ ನಿಯಮದಲ್ಲಿ ಆಗುವ ಹಾಗೆ ಲಾಯಕ್ಕೂ ಅದರ ಬಿಸಿ ತಟ್ಟಬೇಕು. ಆಗ ಓಟಕ್ಕೆ ಮುಂಚೆ ಟ್ರೇನರ್ ಜಾಕಿಗೆ ಕೊಡುವ ಸೂಚನೆಯೇ ಬದಲಾಗುತ್ತದೆ.

ಮೂರು, ಅಂಕ ಕೊಡುವವರು ಮೂರು ಅಂಕಣ ಬೇರೆ ಬೇರೆ ಇಡಬೇಕು: ಕುದುರೆ ಹೊತ್ತ ತೂಕಕ್ಕೆ ಎಷ್ಟು ಓಡಿತು, ಜಾಕಿಗೆ ಆ ಕ್ಷಣದಲ್ಲಿ ಏನು ಗೊತ್ತಿತ್ತು ಮತ್ತು ಅದಕ್ಕೆ ಏನು ಮಾಡಿದರು, ವ್ಯವಸ್ಥೆ ಅವರಿಬ್ಬರನ್ನೂ ಎಂಥ ಪರಿಸ್ಥಿತಿಗೆ ತಳ್ಳಿತು. ಈಗ ಮೂರನೇ ಅಂಕಣ ಖಾಲಿ.

'ಇಡೀ ಓಟವನ್ನೇ ನಿಷೇಧಿಸಿ, ಅಂಕಣದ ಮಾತು ಯಾಕೆ' ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಜಾಕಿ ಅಪಾಯವನ್ನು ತಿಳಿದು ಒಪ್ಪಿಕೊಂಡವರು, ಕುದುರೆಯನ್ನು ಯಾರೂ ಕೇಳಿಲ್ಲ. ಕಂಬಳ-ಜಲ್ಲಿಕಟ್ಟಿನ ವಿಷಯದಲ್ಲಿ ನಾವೂ ಈ ಚರ್ಚೆ ಮಾಡಿದ್ದೇವೆ. 2014ರ ಸುಪ್ರೀಂ ಕೋರ್ಟ್ ತೀರ್ಪು ಒಂದು ಕಡೆ, ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿದ 2023ರ ಮೇ 18ರ ತೀರ್ಪು ಇನ್ನೊಂದು ಕಡೆ. ನಾವು ಬೇಕು-ಬೇಡ ಅಂತ ಹತ್ತು ವರ್ಷ ಕಿತ್ತಾಡಿದೆವು. ಆದರೆ ಬೇಕು ಅಂತಾದ ಮೇಲೆ ಅಳತೆ ಏನು, ಲೆಕ್ಕ ಇಡುವವರು ಯಾರು, ತಪ್ಪಾದರೆ ಹೊಣೆ ಯಾರದು ಅನ್ನೋ ಪ್ರಶ್ನೆಗಳಿಗೆ ಅಷ್ಟು ಉತ್ಸಾಹ ತೋರಿಸಲಿಲ್ಲ. ನಿಷೇಧ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಈ ಲೆಕ್ಕ ಬೇಕು. ಲೆಕ್ಕ ಇಲ್ಲದ ಕಡೆ ಗೆಲ್ಲೋದು ಕಣ್ಣೀರಿನ ವಿಡಿಯೋ.

ಆ ವಿಡಿಯೋ ಸುಳ್ಳಲ್ಲ. ನಿಕ್ ರಾಕೆಟ್ ಮಾಲೀಕ ಸ್ಟೀವರ್ಟ್ ಆಂಡ್ರೂ ಅವರ ಪತ್ನಿ ಈ ಕುದುರೆಯ ಮೊದಲ ಓಟ ನೋಡಿದ ಕೆಲವೇ ದಿನಗಳಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡವರು. ಅಂಥ ಗೆಲುವಿಗೆ ಕಣ್ಣು ತುಂಬಿಕೊಳ್ಳದವರು ಯಾರು? ಆದರೆ ಒಂದು ದಿನದ ಓಟವನ್ನು ಅಳೆಯಬೇಕಾದರೆ ಗೆದ್ದ ಒಂದು ಕುದುರೆಯ ಜೊತೆ ಉಳಿದ 33ರ ಲೆಕ್ಕವನ್ನೂ ಬರೆಯಬೇಕು. ನಾಲ್ಕು ಪೌಂಡ್ ಹೆಚ್ಚು ಹೊತ್ತು ಸೋತದ್ದನ್ನು, ಮುಂದಿದ್ದೂ ಬಿದ್ದದ್ದನ್ನು, ಸರಿಯಾದ ಹೊತ್ತಿಗೆ ಲಗಾಮು ಎಳೆದು ಯಾರ ಚಪ್ಪಾಳೆಯೂ ಇಲ್ಲದೆ ಲಾಯಕ್ಕೆ ಮರಳಿದವರನ್ನು. ಅವತ್ತು ಅತ್ಯುತ್ತಮ ನಿರ್ಧಾರ ಮಾಡಿದ ಜಾಕಿ ಬಹುಶಃ ಆ ಕೊನೆಯವರಲ್ಲೇ ಒಬ್ಬರು. ಅವರ ಹೆಸರು ಯಾವ ಪಟ್ಟಿಯಲ್ಲೂ ಬರಲ್ಲ, ಯಾಕಂದ್ರೆ ಅವರ ಕುದುರೆಗೆ ಏನೂ ಆಗಲಿಲ್ಲ.